ಗ್ಯಾಸ್ ತುಂಬಿಸುವ ಮುನ್ನ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತೆಂದರೆ ನಮ್ಮ ಪಟ್ಟಣಗಳ ಮೋಟಾರು ದುರಸ್ತಿಯ ಅಂಗಡಿಗಳ ಮುಂದೆ ಕಾರುಗಳ ಸಾಲು ಬೆಳೆಯುತ್ತದೆ. ಹಿಂದಿನ ಬೇಸಗೆಯಲ್ಲಿ ಲೋಪವಿಲ್ಲದೆ ತಂಪನ್ನಿತ್ತು, ಮಳೆಗಾಲ ಚಳಿಗಾಲಗಳಲ್ಲಿ ಬಹುಮಟ್ಟಿಗೆ ಯಾರ ಗಮನಕ್ಕೂ ಬಾರದೆ ಉಳಿದಿದ್ದ ಎ.ಸಿ., ಈಗ ಗುಂಡಿಯನ್ನೊತ್ತಿದರೆ ಬರಿಯ ಬೆಚ್ಚನೆಯ ಗಾಳಿಯನ್ನು ಮುಖಕ್ಕೆ ಊದುತ್ತದೆ. ಒಡೆಯನು ಗಾಡಿಯನ್ನು ತಂದು ನಿಲ್ಲಿಸುತ್ತಾನೆ. ಮೆಕ್ಯಾನಿಕ್ ಬಾನೆಟ್ಟನ್ನೆತ್ತಿ, ಒಂದು ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಿ, ‘ಗ್ಯಾಸ್ ಖಾಲಿ ಆಗಿದೆ ಸಾರ್, ಹಾಕಿಬಿಡೋಣ’ ಎನ್ನುತ್ತಾನೆ. ಅರ್ಧ ಗಂಟೆಯೊಳಗೆ ಗ್ಯಾಸು ಒಳಹೊಕ್ಕು, ಹಣ ಸಂದು, ಕಾರು ತಣ್ಣನೆಯ ಗಾಳಿಯನ್ನು ಬೀಸುತ್ತ ಹೊರಡುತ್ತದೆ. ಉಭಯ ಪಕ್ಷಗಳಿಗೂ ಸಮಾಧಾನವಾಗುತ್ತದೆ. ಮರುವರ್ಷ ಅದೇ ಕಾರು ಅದೇ ದೂರಿನೊಡನೆ ಅದೇ ಅಂಗಡಿಯ ಮುಂದೆ ಬಂದು ನಿಂತರೆ ಅದನ್ನು ವಿಚಿತ್ರವೆಂದು ಭಾವಿಸುವವರಿಲ್ಲ; ಪೆಟ್ರೋಲು ಮುಗಿಯುವಂತೆ ಗ್ಯಾಸೂ ಮುಗಿಯುವುದೆಂದೂ, ವರ್ಷಕ್ಕೊಮ್ಮೆ ಅದನ್ನು ತುಂಬಿಸುವುದು ಗಾಡಿ ಇಟ್ಟುಕೊಂಡವನ ಕರ್ತವ್ಯವೆಂದೂ ನಮ್ಮ ಜನರಲ್ಲಿ ಒಂದು ನಂಬಿಕೆ ಬೇರೂರಿಬಿಟ್ಟಿದೆ.

ಈ ನಂಬಿಕೆ ಆಮೂಲಾಗ್ರವಾಗಿ ತಪ್ಪು. ಎ.ಸಿ.ಯೊಳಗಿನ ಅನಿಲವು ಉರಿದುಹೋಗುವುದಿಲ್ಲ, ಸವೆದುಹೋಗುವುದೂ ಇಲ್ಲ. ಎಲ್ಲ ಕಡೆಯಿಂದಲೂ ಮುಚ್ಚಲ್ಪಟ್ಟ ಒಂದು ಮಾರ್ಗದಲ್ಲಿ ಅದು ವರ್ಷಾನುಗಟ್ಟಲೆ ಸುತ್ತುತ್ತಿರತಕ್ಕದ್ದು. ರಬ್ಬರಿನ ಹೋಸುಗಳ ಮೂಲಕವೂ ಕಂಪ್ರೆಸರಿನ ದಂಡದ ಸೀಲಿನ ಮೂಲಕವೂ ವರ್ಷಕ್ಕೆ ಕೆಲವು ಗ್ರಾಮುಗಳಷ್ಟು ಕಾಲಕ್ರಮದಲ್ಲಿ ಜಿನುಗಿಹೋಗುವುದುಂಟಾದರೂ, ಆ ನಷ್ಟವು ತಂಪಿಗೆ ಕೊರತೆಯಾಗುವ ಮಟ್ಟಕ್ಕೆ ಬೆಳೆಯಲು ಹಲವು ವರ್ಷಗಳು ಬೇಕು. ಒಂದೇ ವರ್ಷದಲ್ಲಿ, ಅಥವಾ ಒಂದೇ ಋತುವಿನಲ್ಲಿ, ಗ್ಯಾಸು ಬರಿದಾಯಿತೆಂದರೆ ಅದು ಎಲ್ಲಿಯೋ ಸೋರಿಹೋಗಿದೆಯೆಂದೇ ಅರ್ಥ. ಸೋರಿದ ಸ್ಥಳವನ್ನು ಹುಡುಕಿ ಮುಚ್ಚದೆ ಹೊಸ ಗ್ಯಾಸನ್ನು ತುಂಬುವುದು ಒಡೆಯನ ಹಣಕ್ಕೂ, ಯಂತ್ರದ ಆಯುಸ್ಸಿಗೂ, ನಾವೆಲ್ಲರೂ ಉಸಿರಾಡುವ ವಾಯುಮಂಡಲಕ್ಕೂ ಏಕಕಾಲದಲ್ಲಿ ಮಾಡುವ ಅಪಚಾರ. ಈ ಪದ್ಧತಿ ನಿಲ್ಲಬೇಕು. ನಿಲ್ಲಬೇಕಾದರೆ ಕಾರಿನ ಒಡೆಯನಿಗೆ ತನ್ನ ಯಂತ್ರದ ಕ್ರಮ ಸ್ಥೂಲವಾಗಿಯಾದರೂ ತಿಳಿದಿರಬೇಕು.

ತಂಪೆಂಬ ಪದಾರ್ಥವನ್ನು ಯಾವ ಯಂತ್ರವೂ ತಯಾರಿಸಲಾರದು. ಒಂದೆಡೆಯ ಉಷ್ಣವನ್ನು ಹೊತ್ತು ಮತ್ತೊಂದೆಡೆಗೆ ಸಾಗಿಸುವುದಷ್ಟೇ ಯಂತ್ರದಿಂದ ಆಗತಕ್ಕ ಕೆಲಸ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೇಗೆಂದರೆ, ಹೊರಮೈಯಲ್ಲಿ ಜಿನುಗಿದ ತೇವವು ಆವಿಯಾಗುವಾಗ, ಆವಿಯಾಗಲು ಬೇಕಾದ ಉಷ್ಣವನ್ನು ಅದು ಹೂಜಿಯಿಂದಲೇ ಸೆಳೆದುಕೊಳ್ಳುತ್ತದೆ. ಕಾರಿನ ಎ.ಸಿ.ಯ ಮೂಲತತ್ತ್ವವೂ ಇದೇ. ಹೂಜಿಯಿಂದ ಆವಿಯಾಗಿ ಹೋದ ನೀರು ಮರಳಿ ಬಾರದು. ಕಾರಿನಲ್ಲಾದರೋ ಆವಿಯಾದದ್ದನ್ನು ಹಿಡಿದು, ಅದುಮಿ, ಪುನಃ ದ್ರವವನ್ನಾಗಿಸಿ, ಮತ್ತೆ ಅದೇ ಕೆಲಸಕ್ಕೆ ಕಳುಹಿಸುವ ಏರ್ಪಾಡಿದೆ. ಅಲ್ಲಿ ಸುತ್ತುವ ಶೀತಕವೂ ನೀರಲ್ಲ. ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಶೀತಕವು ವಾಯುಮಂಡಲದ ಸಾಧಾರಣ ಒತ್ತಡದಲ್ಲಿ ಶೂನ್ಯಕ್ಕಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿದು ಆವಿಯಾಗಿಬಿಡುವಂಥದು. ಸಣ್ಣ ಕಾರೊಂದರಲ್ಲಿ ಇದು ಇರುವುದು ಅರ್ಧ ಕಿಲೋಗ್ರಾಮಿನ ಆಸುಪಾಸಿನಲ್ಲಿ ಮಾತ್ರ.

ಇದರ ಪ್ರಯಾಣವನ್ನು ಒಂದು ಸುತ್ತು ಅನುಸರಿಸಿ ನೋಡುವುದು ಪ್ರಯೋಜನಕರ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಶೀತಕವನ್ನು ಆವಿಯ ರೂಪದಲ್ಲಿ ಎಳೆದುಕೊಂಡು ಅದುಮುತ್ತದೆ. ಅದುಮಿದ ಆವಿಯ ಒತ್ತಡ ವಾಯುಮಂಡಲದ ಒತ್ತಡದ ಹತ್ತು ಹದಿನೈದು ಪಟ್ಟಿಗೇರಿ, ಉಷ್ಣತೆಯೂ ಹೊರಗಿನ ಬಿಸಿಲನ್ನು ಮೀರಿಸುತ್ತದೆ. ಹೊರಗಿನ ಗಾಳಿಗಿಂತ ಬಿಸಿಯಾಗಿರುವುದರಿಂದಲೇ ಅದು ಆ ಗಾಳಿಗೆ ಉಷ್ಣವನ್ನು ಬಿಟ್ಟುಕೊಡಬಲ್ಲದು. ರೇಡಿಯೇಟರಿನ ಮುಂದೆ, ಎದುರುಗಾಳಿಗೆ ಮೈಯೊಡ್ಡಿ ನಿಂತಿರುವ ಕಂಡೆನ್ಸರಿನ ಸಪುರ ಕೊಳವೆಗಳಲ್ಲಿ ಹರಿಯುತ್ತ ಉಷ್ಣವನ್ನು ಕಳೆದುಕೊಂಡು ದ್ರವವಾಗುತ್ತದೆ. ಆ ದ್ರವವು ತೇವವನ್ನು ಹೀರಿಕೊಳ್ಳುವ ಡ್ರೈಯರನ್ನು ಹಾದು, ಎಕ್ಸ್‌ಪ್ಯಾನ್ಶನ್ ವಾಲ್ವಿನ ಇಕ್ಕಟ್ಟಾದ ರಂಧ್ರದಿಂದ ಆಚೆಗೆ ಬೀಳುತ್ತಲೇ ಒತ್ತಡ ಥಟ್ಟನೆ ಕುಸಿದು, ಉಷ್ಣತೆ ಶೂನ್ಯದ ಸಮೀಪಕ್ಕಿಳಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಕೂಲಿಂಗ್ ಕಾಯಿಲಿನಲ್ಲಿ ಅದು ಕುದಿದು ಆವಿಯಾಗುತ್ತ, ಬ್ಲೋವರ್ ತನ್ನ ಮೇಲೆ ಹಾಯಿಸುವ ಗಾಳಿಯ ಉಷ್ಣವನ್ನೆಲ್ಲ ಹೀರಿಕೊಂಡು ಕಂಪ್ರೆಸರಿಗೆ ಮರಳುತ್ತದೆ. ನಮ್ಮ ಮುಖಕ್ಕೆ ಬೀಸುವ ತಂಗಾಳಿಯೆಂಬುದು ಉಷ್ಣವನ್ನು ಕಳೆದುಕೊಂಡ ಅದೇ ಗಾಳಿ. ಕಳೆದುಕೊಂಡ ಆ ಉಷ್ಣ ಕಾರಿನ ಮೂತಿಯ ಬಳಿ ಬೀದಿಗೆ ಸೇರುತ್ತಿರುತ್ತದೆ.

ತಂಪಾದ ಕಾಯಿಲನ್ನು ಹಾಯುವ ಗಾಳಿ ಉಷ್ಣವನ್ನು ಮಾತ್ರವಲ್ಲದೆ ತೇವವನ್ನೂ ಅಲ್ಲಿ ಇಳಿಸಿ ಬರುತ್ತದೆ. ಮಂಗಳೂರು ಉಡುಪಿಗಳ ವೈಶಾಖದಲ್ಲಿ ನಿಂತ ಕಾರಿನ ಅಡಿಯಿಂದ ನೀರು ಧಾರೆಯಾಗಿ ತೊಟ್ಟಿಕ್ಕುವುದನ್ನೂ, ಕಲಬುರಗಿ ರಾಯಚೂರುಗಳ ಒಣಬಿಸಿಲಿನಲ್ಲಿ ಅದೇ ಕಾರು ಕೆಲವೇ ಹನಿಗಳನ್ನು ಉದುರಿಸುವುದನ್ನೂ ಗಮನಿಸಿದವರಿಗೆ ಇದು ವಿದಿತ. ಕರಾವಳಿಯಲ್ಲಿ ಯಂತ್ರದ ಶಕ್ತಿಯ ಗಣನೀಯ ಭಾಗ ಗಾಳಿಯ ತೇವವನ್ನು ನೀರಾಗಿಸುವುದರಲ್ಲೇ ವೆಚ್ಚವಾಗುತ್ತದೆ. ಬಯಲುಸೀಮೆಯಲ್ಲಾದರೋ 42 ಡಿಗ್ರಿಯ ಗಾಳಿಗೆ ಉಷ್ಣವನ್ನು ಬಿಟ್ಟುಕೊಡುವುದೇ ಕಂಡೆನ್ಸರಿಗೆ ಕಷ್ಟವಾಗುತ್ತದೆ. ಹವಾನಿಯಂತ್ರಣದ ವಿದ್ಯೆ ಹುಟ್ಟಿದ್ದು ತಂಪಿಗಾಗಿ ಎನ್ನುವುದಕ್ಕಿಂತ ಈ ತೇವದ ನಿಗ್ರಹಕ್ಕಾಗಿ ಎನ್ನುವುದು ಹೆಚ್ಚು ಸರಿ: 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ತನ್ನ ಮೊದಲ ಏರ್ಪಾಡನ್ನು ರೂಪಿಸಿದ್ದು, ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಮುದ್ರಿಸುವ ಬಣ್ಣಗಳು ಹೊಂದದೆ ಹೋಗುತ್ತಿದ್ದ ಕಾರಣದಿಂದ. ಕಾರಿಗೆ ಈ ಸೌಕರ್ಯ ಬರಲು ಮತ್ತೆ ಸುಮಾರು ನಾಲ್ಕು ದಶಕಗಳು ಹಿಡಿದವು. 1940ರ ಮಾದರಿಯಾಗಿ ಅಮೆರಿಕದ ಪ್ಯಾಕರ್ಡ್ ಸಂಸ್ಥೆ ಮಾರಾಟಕ್ಕೆ ತಂದ ಕಾರುಗಳಲ್ಲಿ ಎ.ಸಿ.ಯನ್ನು ನಿಲ್ಲಿಸಬೇಕಾದರೆ ಎಂಜಿನ್ನನ್ನು ಆರಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಾಗಿತ್ತು.

ಈಗ ಸೋರಿಕೆಯ ವಿಷಯಕ್ಕೆ ಬರೋಣ. ಕಂಪ್ರೆಸರಿಗೆ ಬೇಕಾದ ಎಣ್ಣೆ ಶೀತಕದೊಡನೆಯೇ ಬೆರೆತು ಸುತ್ತುತ್ತದೆಯಾದಕಾರಣ, ಶೀತಕ ಎಲ್ಲಿ ಸೋರುವುದೋ ಅಲ್ಲಿ ಎಣ್ಣೆಯೂ ಅಲ್ಪಸ್ವಲ್ಪ ಹೊರಬಂದು, ಆ ಎಣ್ಣೆಯ ಮೇಲೆ ರಸ್ತೆಯ ಧೂಳು ಕೂತು, ಕಪ್ಪಗೆ ಜಿಡ್ಡುಗಟ್ಟಿದ ಒಂದು ಕಲೆಯಾಗಿರುತ್ತದೆ. ಬೆಂಗಳೂರಿನ ಕಲಾಸಿಪಾಳ್ಯದ ಒಂದು ಗಲ್ಲಿಯಲ್ಲಿ, ತಗಡಿನ ಮಾಡಿನ ಕೆಳಗೆ ಬಹುಕಾಲದಿಂದ ಈ ಕೆಲಸ ಮಾಡುತ್ತ ಬಂದಿರುವ ಒಬ್ಬ ಹಿರಿಯ ಕುಶಲಕರ್ಮಿಯನ್ನು ನಾನು ಬಲ್ಲೆ. ಆತನು ಗೇಜನ್ನು ಜೋಡಿಸುವುದಕ್ಕೂ ಮೊದಲು ಒಂದು ಚಿಕ್ಕ ಟಾರ್ಚನ್ನು ಹಿಡಿದು, ಕೊಳವೆಗಳ ಜೋಡಣೆಗಳನ್ನು ಒಂದೊಂದಾಗಿ, ದೇವರಪಟಗಳನ್ನು ಒರೆಸುವವರ ಶ್ರದ್ಧೆಯಿಂದ, ನೋಡುತ್ತ ಹೋಗುತ್ತಾನೆ. ನಾನು ಅಲ್ಲಿದ್ದ ಒಂದು ಮಧ್ಯಾಹ್ನ ಒಬ್ಬ ಗೃಹಸ್ಥರ ಕಾರಿನಲ್ಲಿ ಅಂತಹ ಕಲೆಯೊಂದು ಕಂಡೆನ್ಸರಿನ ಮಗ್ಗುಲ ಜೋಡಣೆಯಲ್ಲಿ ಸಿಕ್ಕಿತು. ಶಿಷ್ಯನು ಸಿಲಿಂಡರಿನಿಂದ ನೈಟ್ರೋಜನ್ ಅನಿಲವನ್ನು ಒತ್ತಡದಿಂದ ಒಳಬಿಟ್ಟನು. ಹಿರಿಯನು ಬಟ್ಟೆಯಿಂದ ಆ ಜಾಗವನ್ನು ಒರೆಸಿ, ಬಟ್ಟಲಿನ ಸಾಬೂನಿನ ನೊರೆಯನ್ನು ಬ್ರಷ್ಷಿನಿಂದ ಸವರಿ, ಸುಮ್ಮನೆ ಕಾದನು. ಬಹಳ ಹೊತ್ತಿನ ಮೇಲೆ, ನಟ್ಟಿನ ಕೆಳಗಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಮೂಡಿ, ನಿಧಾನವಾಗಿ ದೊಡ್ಡದಾಗಿ, ಒಡೆದು, ಅದರ ಜಾಗದಲ್ಲಿ ಮತ್ತೊಂದು ಮೂಡಿತು. ಜೋಡಣೆಯನ್ನು ಬಿಚ್ಚಿದಾಗ ದೊರೆತದ್ದು ಬಿಸಿಗೆ ಗಡುಸಾಗಿ ಸೀಳಿದ್ದ ಒಂದು ಓ-ರಿಂಗು, ಎ.ಸಿ.ಯ ಭಾಗಗಳಲ್ಲಿ ಅದಕ್ಕಿಂತ ಅಗ್ಗದ ವಸ್ತುವಿಲ್ಲ. ‘ಇದನ್ನ ಬಿಟ್ಟು ಬರೀ ಗ್ಯಾಸ್ ಹಾಕಿದ್ರೆ ಮುಂದಿನ ವರ್ಷ ನೀವು ಬೈಯೋದು ನನ್ನನ್ನೇ ಸ್ವಾಮಿ’ ಎಂದು ಆತನು ಗೃಹಸ್ಥರಿಗೆ ಅದನ್ನು ಅಂಗೈಯಲ್ಲಿಟ್ಟು ತೋರಿಸಿದನು. ಗೃಹಸ್ಥರಾದರೋ ಹಿಂದಿನ ಎರಡು ಬೇಸಗೆಗಳಲ್ಲಿ ಬೇರೆಡೆ ಗ್ಯಾಸಿಗಾಗಿ ಸಾವಿರಾರು ರೂಪಾಯಿಗಳನ್ನು ಕೊಟ್ಟುಬಂದವರು.

ಕೆಲಸ ಅಷ್ಟಕ್ಕೆ ಮುಗಿಯಲಿಲ್ಲ, ಮುಗಿಯಲೂಬಾರದು. ಮಾರ್ಗವನ್ನು ಬಿಚ್ಚಿದಾಗ ಒಳಹೊಕ್ಕ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಹೊರಗೆಳೆಯತಕ್ಕದ್ದು. ಒತ್ತಡ ಅತ್ಯಲ್ಪವಾದಾಗ ನೀರು ಸಾಧಾರಣ ಉಷ್ಣತೆಯಲ್ಲಿಯೇ ಕುದಿದು ಆವಿಯಾಗಿ ಹೊರಟುಹೋಗುವುದರಿಂದ, ಪಂಪನ್ನು ಕನಿಷ್ಠ ಅರ್ಧ ಗಂಟೆಯಾದರೂ ಓಡಿಸಬೇಕು. ನಿಲ್ಲಿಸಿದ ಬಳಿಕ ಗೇಜಿನ ಮುಳ್ಳು ಕದಲದೆ ನಿಂತಿದೆಯೇ ಎಂದು ಕೆಲವು ನಿಮಿಷ ನೋಡಬೇಕು. ಈ ಒಂದು ಹಂತವನ್ನು ಅವಸರದಿಂದ ಕೈಬಿಟ್ಟರೆ ಒಳಗುಳಿದ ತೇವವು ವಾಲ್ವಿನ ರಂಧ್ರದಲ್ಲಿ ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುವುದುಂಟು. ಎಣ್ಣೆಯೊಡನೆ ಸೇರಿ ಆಮ್ಲವಾಗಿ ಒಳಗಿನ ಲೋಹವನ್ನು ತಿನ್ನುವುದೂ ಉಂಟು. ಅನಂತರ ಶೀತಕವನ್ನು ತುಂಬುವುದು ತೂಕದಿಂದ. ಯಾವ ಕಾರಿಗೆ ಎಷ್ಟು ಗ್ರಾಂ ಎಂಬುದನ್ನು ತಯಾರಕರು ಬಹುಮಟ್ಟಿಗೆ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿಯೇ ಅಚ್ಚುಮಾಡಿರುತ್ತಾರೆ. ‘ಸ್ವಲ್ಪ ಜಾಸ್ತಿ ಹಾಕಪ್ಪ, ಚೆನ್ನಾಗಿ ಕೂಲಿಂಗ್ ಬರಲಿ’ ಎಂದು ಕೇಳಿಕೊಳ್ಳುವ ಒಡೆಯರುಂಟು. ಅಳತೆ ಮೀರಿದ ಶೀತಕ ಕಂಡೆನ್ಸರಿನಲ್ಲಿ ದ್ರವವಾಗಿ ಕಟ್ಟಿಕೊಂಡು, ಒತ್ತಡವನ್ನೇರಿಸಿ, ತಂಪನ್ನು ಕುಗ್ಗಿಸುವುದಲ್ಲದೆ ಕಂಪ್ರೆಸರಿಗೂ ಕೇಡನ್ನು ತರುತ್ತದೆ. ಕಡಿಮೆಯಾದರೂ ಕೇಡೇ: ಶೀತಕದೊಡನೆ ಎಣ್ಣೆಯೂ ಸೋರಿ, ಒಳಗಿನ ಭಾಗಗಳು ಒಣಗಿ ಉಜ್ಜಿ, ಕೊನೆಗೆ ಕಂಪ್ರೆಸರೇ ಹಿಡಿದುಕೊಂಡು ನಿಂತರೆ, ಆ ಓ-ರಿಂಗಿನ ಬೆಲೆಯ ಸಾವಿರ ಪಟ್ಟಿನಷ್ಟನ್ನು ತೆರಬೇಕಾಗಿ ಬರಬಹುದು.

ಇದಿಷ್ಟೂ ಮನೆಯೊಳಗಿನ ಲೆಕ್ಕ. ಮನೆಯಾಚೆಯ ಲೆಕ್ಕ ಇನ್ನೂ ಗುರುತರವಾದದ್ದು. 1930ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಆತನ ಸಂಗಡಿಗರು ಸಿದ್ಧಪಡಿಸಿದ ಆರ್-12 ಎಂಬ ಶೀತಕವು, ಅದಕ್ಕೂ ಹಿಂದೆ ಬಳಕೆಯಲ್ಲಿದ್ದ ಅಮೋನಿಯಾ, ಸಲ್ಫರ್ ಡಯಾಕ್ಸೈಡುಗಳಂತೆ ವಿಷಕರವಲ್ಲದೆ, ಬೆಂಕಿ ಹಿಡಿಯುವ ಭಯವೂ ಇಲ್ಲದೆ ಇದ್ದದ್ದರಿಂದ, ಲೋಕಕ್ಕೆ ಒಂದು ವರವೆಂದೇ ತೋರಿತು. ಅದು ಸೋರಿ ಮೇಲೇರಿ ಓಜೋನ್ ಪದರವನ್ನು ಕರಗಿಸಬಲ್ಲದೆಂಬುದನ್ನು ಮರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿಕೊಟ್ಟರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಜೋನ್ ರಂಧ್ರ ಪ್ರಕಟವಾಯಿತು. 1987ರಲ್ಲಿ ಓಜೋನನ್ನು ಕೆಡಿಸುವ ಇಂತಹ ವಸ್ತುಗಳನ್ನು ನಿಯಂತ್ರಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. 1995ರಲ್ಲಿ ಆ ಇಬ್ಬರಿಗೂ, ಪಾಲ್ ಕ್ರುಟ್ಜನ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆರ್-12ರ ಸ್ಥಾನಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡುವುದಿಲ್ಲವೆಂಬುದು ನಿಜ. ಆದರೆ ಭೂಮಿಯ ಉಷ್ಣವನ್ನು ತಡೆದಿಡುವುದರಲ್ಲಿ ಅದು, ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ, ಸಮತೂಕದ ಇಂಗಾಲದ ಡಯಾಕ್ಸೈಡಿನ 1,300 ಪಟ್ಟಿಗೆ ಕಡಿಮೆಯಿಲ್ಲ. ಒಂದು ಸಣ್ಣ ಕಾರಿನಿಂದ 400 ಗ್ರಾಂ ಶೀತಕ ಗಾಳಿಗೆ ಸೇರಿತೆಂದರೆ 500 ಕಿಲೋಗ್ರಾಮಿಗೂ ಮಿಗಿಲಾದ ಇಂಗಾಲದ ಡಯಾಕ್ಸೈಡನ್ನು ಬಿಟ್ಟಂತಾಯಿತು. 200 ಲೀಟರಿಗೂ ಹೆಚ್ಚು ಪೆಟ್ರೋಲನ್ನು ಉರಿಸಿದಾಗ ಹೊರಡುವಷ್ಟು ಹೊಗೆ ಅದು. ಹೊಗೆ ತಪಾಸಣೆಯ ಪತ್ರವನ್ನು ತಪ್ಪದೆ ಮಾಡಿಸಿಡುವ ಸದ್ಗೃಹಸ್ಥನೊಬ್ಬನು, ಸೋರುವ ಎ.ಸಿ.ಗೆ ವರ್ಷವರ್ಷವೂ ಗ್ಯಾಸು ತುಂಬಿಸುತ್ತ, ತನಗೆ ತಿಳಿಯದೆಯೇ ಇಷ್ಟು ಭಾರವನ್ನು ಆಕಾಶಕ್ಕೆ ಏರಿಸುತ್ತಿರುತ್ತಾನೆ.

2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಆದ ತಿದ್ದುಪಡಿಗೆ ಭಾರತವೂ ಒಪ್ಪಿ, 2021ರಲ್ಲಿ ಅದನ್ನು ಸ್ಥಿರೀಕರಿಸಿದೆ. ಅದರಂತೆ ಈ ವರ್ಗದ ಶೀತಕಗಳ ಬಳಕೆಯನ್ನು 2032ರಿಂದ ಹಂತಹಂತವಾಗಿ ಇಳಿಸುತ್ತ 2047ರ ಹೊತ್ತಿಗೆ ನೂರಕ್ಕೆ 85ರಷ್ಟು ತಗ್ಗಿಸಬೇಕಾಗಿದೆ. ಯೂರೋಪಿನ ಹೊಸ ಕಾರುಗಳಲ್ಲಿ ಆರ್-1234ವೈಎಫ್ ಎಂಬ, ಭೂಮಿಯ ತಾಪಕ್ಕೆ ಅತ್ಯಲ್ಪ ಕಾರಣವಾಗುವ ಶೀತಕ ಆಗಲೇ ರೂಢಿಯಾಗಿದೆ. ಅದು ಸ್ವಲ್ಪಮಟ್ಟಿಗೆ ಬೆಂಕಿ ಹಿಡಿಯಬಲ್ಲದ್ದು, ಬೆಲೆಯೂ ಅಧಿಕ. ಆದ್ದರಿಂದ ಇಂದು ಅಜಾಗರೂಕತೆಯಿಂದ ನಡೆಯುವ ಕೈಕೆಲಸ ನಾಳೆ ಅಪಾಯಕರವೂ ಆಗುವ ಸಂಭವವಿದೆ.

ಗ್ಯಾಸಿನ ಕೊರತೆಯೆಂದು ಹೇಳಲಾಗುವ ದೂರುಗಳಲ್ಲಿ ಎಷ್ಟೋ ಬಾರಿ ಗ್ಯಾಸಿಗೆ ಸಂಬಂಧವೇ ಇರುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಗ್ಲೋವ್ ಬಾಕ್ಸಿನ ಹಿಂದೆ ಕುಳಿತಿರುವ ಎ.ಸಿ. ಫಿಲ್ಟರನ್ನು ಕೊಂಡಂದಿನಿಂದ ಒಮ್ಮೆಯೂ ಹೊರತೆಗೆಯದ ಗಾಡಿಗಳು ನಮ್ಮಲ್ಲಿ ಅಸಂಖ್ಯ. ಅದನ್ನು ಎಳೆದು ನೋಡಿದರೆ, ಬಿಳುಪಾಗಿರಬೇಕಾದ ಮಡಿಕೆಗಳು ಬೂದುಬಣ್ಣಕ್ಕೆ ತಿರುಗಿ, ಅವುಗಳ ಸಂದಿನಲ್ಲಿ ಗುಲ್‌ಮೊಹರಿನ ಒಣಗಿದ ಎಲೆಗಳು, ಕೂದಲು, ಸತ್ತ ಕೀಟಗಳು, ಒಮ್ಮೊಮ್ಮೆ ಪಾರಿವಾಳದ ಗರಿ ಸಿಕ್ಕಿಕೊಂಡಿರುತ್ತವೆ. ಇಂತಹ ಫಿಲ್ಟರಿನ ಮೂಲಕ ಬ್ಲೋವರ್ ಎಷ್ಟು ಶ್ರಮಪಟ್ಟರೂ ಗಾಳಿ ಬಾರದು. ಕಾಯಿಲಿನ ಮೇಲೆ ಹಾಯಬೇಕಾದಷ್ಟು ಗಾಳಿ ಹಾಯದೆ, ಅದರ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಬರುತ್ತಿದ್ದ ಗಾಳಿಯೂ ನಿಂತುಹೋಗಬಹುದು. ಬೆಂಗಳೂರಿನಂತಹ ಧೂಳಿನ ಊರಿನಲ್ಲಿ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಫಿಲ್ಟರನ್ನು ಬದಲಿಸುವುದು ದುಂದುಗಾರಿಕೆಯಲ್ಲ. ಬಹುಪಾಲು ಕಾರುಗಳಲ್ಲಿ ಅದಕ್ಕೆ ಉಪಕರಣವೂ ಬೇಡ, ಹತ್ತು ನಿಮಿಷದ ವಿರಾಮ ಸಾಕು. ಹೊರಗಿನ ಕಂಡೆನ್ಸರಿಗೂ ಇದೇ ಗತಿ. ಮಣ್ಣು, ಹುಳು, ಪ್ಲಾಸ್ಟಿಕ್ಕಿನ ಚೂರುಗಳು ಅದರ ರೆಕ್ಕೆಗಳ ನಡುವೆ ತುಂಬಿದರೆ ಉಷ್ಣ ಹೊರಹೋಗುವ ದಾರಿ ಮುಚ್ಚುತ್ತದೆ. ಮೆಲುವಾದ ನೀರಿನ ಧಾರೆಯಿಂದ ಅದನ್ನು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಬಿರುಸಾದ ಪಂಪಿನ ಧಾರೆಯನ್ನು ಹತ್ತಿರದಿಂದ ಹಿಡಿದರೆ ಆ ನವಿರಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಿಚಿಹೋಗುತ್ತವೆ.

ರೋಗದ ಲಕ್ಷಣವನ್ನು ನೋಡಿ ಸ್ಥಾನವನ್ನು ಊಹಿಸುವುದು ಒಡೆಯನಿಗೂ ಅಸಾಧ್ಯವೇನಲ್ಲ. ಹೆದ್ದಾರಿಯಲ್ಲಿ ಚೆನ್ನಾಗಿ ತಂಪಾಗುವ ಕಾರು ಬೆಂಗಳೂರಿನ ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ನಿಂತ ಕೂಡಲೇ ಬಿಸಿಗಾಳಿಯನ್ನು ಬೀಸಿದರೆ, ಮೊದಲು ಸಂದೇಹಿಸಬೇಕಾದ್ದು ಕಂಡೆನ್ಸರಿನ ಫ್ಯಾನನ್ನು; ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಮಾಡಬೇಕಾದ್ದು ಆ ಫ್ಯಾನು. ಮೊದಲು ತಂಪಾಗಿದ್ದು, ಒಂದು ಗಂಟೆಯ ಪ್ರಯಾಣದ ಬಳಿಕ ಗಾಳಿಯೇ ಕ್ಷೀಣಿಸಿ, ಎ.ಸಿ.ಯನ್ನು ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಪುನಃ ಸರಿಹೋದರೆ, ಕಾಯಿಲು ಹೆಪ್ಪುಗಟ್ಟುತ್ತಿದೆಯೆಂದು ತಿಳಿಯಬಹುದು. ಎಡಗಡೆಯ ಕಾಲಿನ ಬಳಿ ಮ್ಯಾಟು ಒದ್ದೆಯಾದರೆ ನೀರು ಹೊರಹೋಗುವ ಸಣ್ಣ ನಳಿಕೆ ಕಟ್ಟಿಕೊಂಡಿದೆ. ಗುಂಡಿ ಒತ್ತಿದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ಒದ್ದೆಯಾಗಿಯೇ ಉಳಿದ ಕಾಯಿಲಿನ ಮೇಲೆ ಬೂಷ್ಟು ಬೆಳೆದಿದೆ; ಊರು ಮುಟ್ಟುವ ಕೆಲವು ನಿಮಿಷ ಮುಂಚೆ ಎ.ಸಿ.ಯನ್ನು ಆರಿಸಿ ಬ್ಲೋವರನ್ನು ಮಾತ್ರ ಓಡಿಸಿದರೆ ಕಾಯಿಲು ಒಣಗಿ ಈ ಪೀಡೆ ಬಹುಮಟ್ಟಿಗೆ ತಪ್ಪುತ್ತದೆ. ವಾಸನೆಯನ್ನು ಮುಚ್ಚಲು ಸುಗಂಧದ ಬಾಟಲಿಯನ್ನು ತೂಗುಹಾಕುವುದರಿಂದ ಉಸಿರಿನೊಡನೆ ಒಳಸೇರುವ ಬೂಷ್ಟಿನ ಕಣಗಳು ಕಡಿಮೆಯಾಗುವುದಿಲ್ಲ.

ಮಳೆಗಾಲದಲ್ಲಿ ಎ.ಸಿ. ಬೇಡವೆಂದು ಅದನ್ನು ತಿಂಗಳುಗಟ್ಟಲೆ ಮುಟ್ಟದಿರುವುದು ಮತ್ತೊಂದು ತಪ್ಪು ತಿಳಿವಳಿಕೆ. ಕಂಪ್ರೆಸರ್ ತಿರುಗದಿದ್ದರೆ ಎಣ್ಣೆ ಸುತ್ತದು. ಎಣ್ಣೆ ಸುತ್ತದಿದ್ದರೆ ದಂಡದ ಸೀಲು ಒಣಗಿ ಬಿರುಕುಬಿಟ್ಟು, ಆಷಾಢ ಶ್ರಾವಣಗಳಲ್ಲಿ ಆರಂಭವಾದ ಸೋರಿಕೆ ಫಾಲ್ಗುಣದಲ್ಲಿ ಬೆಳಕಿಗೆ ಬರುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಗಳಲ್ಲಿ ಜಡಿಮಳೆಯ ನಡುವೆ ಗಾಡಿಯ ಮುಂಗಾಜು ಒಳಗಿನಿಂದ ಮಬ್ಬುಗಟ್ಟಿ, ತಿರುವಿನಾಚೆ ಬರುವ ಬಸ್ಸಿನ ದೀಪವೂ ಕಾಣದೆ, ಚಾಲಕನು ಒಂದು ಕೈಯಿಂದ ಬಟ್ಟೆ ಹಿಡಿದು ಗಾಜನ್ನೊರೆಸುತ್ತ ಸಾಗುವ ದೃಶ್ಯ ಎಷ್ಟು ಸಾಮಾನ್ಯವೋ ಅಷ್ಟೇ ಭಯಂಕರ. ಆ ಹೊತ್ತಿಗೆ ಎ.ಸಿ.ಯನ್ನು ಹಾಕಿ, ಹೊರಗಿನ ಗಾಳಿ ಒಳಬರುವಂತೆ ಮಾಡಿ, ಗಾಳಿಯನ್ನು ಮುಂಗಾಜಿಗೆ ತಿರುಗಿಸಿದರೆ, ತೇವ ಕಳೆದ ಒಣಗಾಳಿ ತಗುಲಿ ಮಬ್ಬು ಕೆಲವೇ ಕ್ಷಣಗಳಲ್ಲಿ ಕರಗುತ್ತದೆ. ಗಾಜು ಅತಿಯಾಗಿ ತಂಪಾಗಿ ಹೊರಮೈ ಮಬ್ಬಾದರೆ ಮಾತ್ರ ತಂಪನ್ನು ತಗ್ಗಿಸಿ ವೈಪರನ್ನು ಓಡಿಸಬೇಕು. ಚಾಲನೆಯ ಶಾಲೆಗಳಲ್ಲಿ ಗೇರು ಕ್ಲಚ್ಚುಗಳೊಡನೆ ಈ ಪಾಠವನ್ನೂ ಹೇಳಿಕೊಡದಿರುವುದು ದೊಡ್ಡ ಲೋಪವೆಂದು ನನ್ನ ಭಾವನೆ.

ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ, ಅಥವಾ ಹೊಗೆ ಸರಾಗವಾಗಿ ಹೊರಹೋಗದ ಜಾಗದಲ್ಲಿ, ಎಂಜಿನ್ನನ್ನು ಓಡಿಸುತ್ತ ಎ.ಸಿ. ಹಾಕಿಕೊಂಡು ಮಲಗುವುದು ಕಾರ್ಬನ್ ಮಾನಾಕ್ಸೈಡಿಗೆ ಮೈಯೊಡ್ಡಿದಂತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ರಿಸಿದವನು ಏಳುವುದಿಲ್ಲ. ಬಿಸಿಲಿನಲ್ಲಿ ಎಂಜಿನ್ ಆರಿಸಿ ಗಾಜು ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು ಹತ್ತು ಡಿಗ್ರಿ ಏರಬಲ್ಲದು. ‘ಈಗ ಬಂದೆ’ ಎಂದು ಮಗುವನ್ನು ಒಳಗೆ ಬಿಟ್ಟು ಅಂಗಡಿಗೆ ಇಳಿಯುವುದನ್ನು ಯಾವ ಕಾರಣಕ್ಕೂ ಮಾಡಲಾಗದು.

ಮೆಕ್ಯಾನಿಕ್ಕುಗಳನ್ನು ಮಾತ್ರ ದೂಷಿಸುವುದು ನನ್ನ ಉದ್ದೇಶವಲ್ಲ. ಸೋರಿಕೆಯನ್ನು ಹುಡುಕುವುದಕ್ಕೆ ಗಂಟೆಗಳು ಹಿಡಿಯುತ್ತವೆ. ಅದಕ್ಕೆ ನೈಟ್ರೋಜನ್ ಸಿಲಿಂಡರು, ಪತ್ತೆಯಂತ್ರ, ವ್ಯಾಕ್ಯೂಮ್ ಪಂಪು, ತಕ್ಕಡಿ, ಹಳೆಯ ಶೀತಕವನ್ನು ಗಾಳಿಗೆ ಬಿಡದೆ ಹಿಡಿದಿಡುವ ರಿಕವರಿ ಯಂತ್ರ ಬೇಕು. ಗಲ್ಲಿಯ ಅಂಗಡಿಯವನು ಇಷ್ಟನ್ನೂ ಹೊಂದಿಸಿಕೊಂಡು ಅರ್ಧ ದಿನ ದುಡಿದು, ‘ಓ-ರಿಂಗ್ ಹೋಗಿತ್ತು’ ಎಂದು ಹೇಳಿ ಕೂಲಿ ಕೇಳಿದರೆ, ‘ಆ ರಬ್ಬರ್ ತುಂಡಿಗೆ ಇಷ್ಟೊಂದೇ?’ ಎಂದು ಜಗಳಕ್ಕೆ ನಿಲ್ಲುವವರು ನಾವು. ಅವನೇ ಏನನ್ನೂ ಹುಡುಕದೆ ಒಂದು ಡಬ್ಬಿ ಗ್ಯಾಸನ್ನು ತುಂಬಿ ಅದರ ಎರಡು ಪಟ್ಟು ತೆಗೆದುಕೊಂಡರೆ ಮರುಮಾತಿಲ್ಲದೆ ಕೊಟ್ಟುಬರುವವರೂ ನಾವೇ. ವಸ್ತುವಿಗೆ ಬೆಲೆ ಕಟ್ಟಲು ಬಲ್ಲ ಗಿರಾಕಿ ವಿವೇಚನೆಗೂ ಬೆಲೆ ಕೊಡಲು ಕಲಿಯುವ ತನಕ, ಪ್ರಾಮಾಣಿಕನಾದ ಕೆಲಸಗಾರನು ನಷ್ಟದಲ್ಲಿಯೇ ಇರುತ್ತಾನೆ.

ಆದಕಾರಣ ಒಡೆಯರು ಮಾಡತಕ್ಕದ್ದು ಇದು: ಗ್ಯಾಸು ಕಡಿಮೆಯಾಗಿದೆಯೆಂದು ಯಾರಾದರೂ ಹೇಳಿದರೆ, ‘ಎಲ್ಲಿ ಸೋರಿದೆ ತೋರಿಸಿ’ ಎಂದು ಕೇಳಬೇಕು; ಹುಡುಕುವ ಕೂಲಿಯನ್ನು ಮನಃಪೂರ್ವಕವಾಗಿ ಕೊಡಬೇಕು; ಬಿಲ್ಲಿನಲ್ಲಿ ಹಳೆಯ ಗ್ಯಾಸು ಎಷ್ಟು ಗ್ರಾಂ ಹೊರಬಂದಿತು, ಹೊಸದು ಎಷ್ಟು ಗ್ರಾಂ ಒಳಹೋಯಿತು, ಯಾವ ಭಾಗ ಬದಲಾಯಿತು ಎಂಬುದನ್ನು ಬರೆಯಿಸಿಕೊಳ್ಳಬೇಕು. ಸರ್ಕಾರ ಮಾಡತಕ್ಕದ್ದು ಇನ್ನೂ ಹೆಚ್ಚಿನದು. 2019ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ತಂಪಿನ ರಾಷ್ಟ್ರೀಯ ಕಾರ್ಯಯೋಜನೆಯಲ್ಲಿ ಒಂದು ಲಕ್ಷ ದುರಸ್ತಿ ಕುಶಲಕರ್ಮಿಗಳಿಗೆ ಶಿಕ್ಷಣವನ್ನೂ ಪ್ರಮಾಣಪತ್ರವನ್ನೂ ಕೊಡುವ ಸಂಕಲ್ಪವಿತ್ತು. ಸಂಕಲ್ಪ ಶ್ಲಾಘ್ಯ, ಆದರೆ ಕಲಿತವನು ಯಾರು, ಕಲಿಯದವನು ಯಾರು ಎಂಬುದು ಅಂಗಡಿಯ ಫಲಕವನ್ನು ನೋಡಿದ ಗಿರಾಕಿಗೆ ತಿಳಿಯುವಂತಾಗದೆ ಪ್ರಮಾಣಪತ್ರದಿಂದ ಫಲವಿಲ್ಲ. ಶೀತಕವನ್ನು ಸಿಲಿಂಡರುಗಟ್ಟಲೆ ಕೊಳ್ಳುವ ಹಕ್ಕು ತರಬೇತಿ ಪಡೆದ ಕೈಗಳಿಗೆ ಮಾತ್ರ ಇರತಕ್ಕದ್ದೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಈ ಕೆಲಸಕ್ಕೆ ತ್ವರೆ ಬೇಕೆನ್ನಲು ಒಂದು ಹೊಸ ಕಾರಣವೂ ಒದಗಿದೆ. 2025ರ ಅಕ್ಟೋಬರ್ 1ರಿಂದೀಚೆಗೆ ತಯಾರಾಗುವ, ಮೂರೂವರೆ ಟನ್ನಿಗಿಂತ ಹೆಚ್ಚಿನ ತೂಕದ ಸರಕು ಲಾರಿಗಳ ಚಾಲಕರ ಕ್ಯಾಬಿನ್ನಿನಲ್ಲಿ ಹವಾನಿಯಂತ್ರಣ ಕಡ್ಡಾಯವಾಗಿದೆ. ಎ.ಸಿ. ಎಂಬುದು ಸುಖಿಗಳ ಸೊತ್ತೆಂಬ ಹಳೆಯ ಭಾವನೆಯನ್ನು ಬಿಟ್ಟು, ಚಿತ್ರದುರ್ಗದ ಬಯಲಿನಲ್ಲಿಯೂ ವಿಜಯಪುರದ ದಾರಿಯಲ್ಲಿಯೂ ಎಂಜಿನ್ನಿನ ಕಾವಿನ ಪಕ್ಕದಲ್ಲಿ ದಿನಕ್ಕೆ ಹತ್ತಾರು ಗಂಟೆ ಕುಳಿತು ದುಡಿಯುವವನ ದೇಹಕ್ಕೂ ಅದು ಅವಶ್ಯಕವೆಂದು ಸರ್ಕಾರವು ಒಪ್ಪಿಕೊಂಡದ್ದು ನನಗೆ ಅತ್ಯಂತ ಸಂತೋಷದ ಸಂಗತಿ. ಆದರೆ ಈ ಲಾರಿಗಳ ಎ.ಸಿ. ಕೆಟ್ಟು ನಿಲ್ಲುವುದು ತಯಾರಕರ ದೊಡ್ಡ ಶೋರೂಮುಗಳ ಮುಂದಲ್ಲ, ಶಿರಾ ಹಿರಿಯೂರುಗಳ ನಡುವಿನ ಹೆದ್ದಾರಿಯ ಮಗ್ಗುಲಲ್ಲಿ. ಅಲ್ಲಿ ಅವುಗಳಿಗೆ ಕೈಹಾಕುವವನು ಟೈರಿನ ಅಂಗಡಿಯ ಪಕ್ಕದ ಎಲೆಕ್ಟ್ರಿಷಿಯನ್ನು. ನಮ್ಮ ಜಿಲ್ಲೆಗಳ ಐ.ಟಿ.ಐ.ಗಳಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ವಿಭಾಗವಿರುವೆಡೆಯಲ್ಲೆಲ್ಲ, ಇಂಥವರಿಗಾಗಿ, ಅವರ ದಿನದ ದುಡಿಮೆ ಕೆಡದಂತೆ ಭಾನುವಾರಗಳಂದು, ಕನ್ನಡದಲ್ಲಿ ಒಂದು ಕಿರು ಶಿಕ್ಷಣಕ್ರಮವನ್ನು ನಡೆಸಬೇಕು. ಅದನ್ನು ಮುಗಿಸಿದವರಿಗೆ ರಿಕವರಿ ಯಂತ್ರವನ್ನೂ ವ್ಯಾಕ್ಯೂಮ್ ಪಂಪನ್ನೂ ಕೊಳ್ಳಲು ಕಡಿಮೆ ಬಡ್ಡಿಯ ಸಾಲವನ್ನು ಕೊಡಿಸಬೇಕು. ಒಂದು ಹೆದ್ದಾರಿಯ ಉದ್ದಕ್ಕೂ ತಾಲ್ಲೂಕಿಗೊಬ್ಬನಂತೆ ಅಂತಹ ಕುಶಲಕರ್ಮಿಗಳು ಸಿದ್ಧರಾದ ಮೇಲೆ, ಅವರ ಅಂಗಡಿಗಳ ಪಟ್ಟಿಯನ್ನು ಟೋಲ್ ಗೇಟುಗಳಲ್ಲಿ ಚಾಲಕರ ಕಣ್ಣಿಗೆ ಬೀಳುವಂತೆ ಬರೆದು ಹಾಕಬೇಕು.